ಮ್ಯೂಸಿಕ್ ಡಿಪ್ಲೊಮಾಕ್ಕೆ ಅವ್ವನ ಬಂಗಾರ ಅಡ ಇಡಬೇಕಾ?

ಪ್ರಶ್ನೆ: ನಾನು ರಾಣೆಬೆನ್ನೂರಿನವನು, 18 ವರ್ಷ. ಈ ಸಲ ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದೆ. ಚಿಕ್ಕಂದಿನಿಂದ ಭಜನಾ ಮೇಳದಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದೆ. ಹಿಂದೂಸ್ತಾನಿ ಗಾಯನದಲ್ಲಿ ಜೂನಿಯರ್ ಪರೀಕ್ಷೆ ಪಾಸಾಗಿದೆ. ಈಗ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಕಾರ್ಯಕ್ರಮಕ್ಕೆ 1,500 ರೂಪಾಯಿ ಕೊಡುತ್ತಾರೆ. ಯೂಟ್ಯೂಬ್ ನೋಡಿ ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಮಾಡುವುದನ್ನೂ ಕಲಿತಿದ್ದೇನೆ. ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ಮ್ಯೂಸಿಕ್ ಪ್ರೊಡಕ್ಷನ್ ಮತ್ತು ಸೌಂಡ್ ಎಂಜಿನಿಯರಿಂಗ್ ಡಿಪ್ಲೊಮಾ ಇದೆ. ಒಂದು ವರ್ಷಕ್ಕೆ ಫೀಸು 3 ಲಕ್ಷ 80 ಸಾವಿರ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಾರೆ. ಇಎಂಐ ಕೂಡ ಇದೆಯಂತೆ, ಆದರೆ ಶನಿವಾರದೊಳಗೆ ಸೀಟ್ ಬುಕ್ ಮಾಡಬೇಕಂತೆ. ಅವ್ವ ಬಂಗಾರ ಅಡ ಇಡೋಣ ಅಂತಾಳೆ. ಕಿರಾಣಿ ಅಂಗಡಿ ನಡೆಸುವ ಅಪ್ಪ, ಬಿ.ಕಾಂ. ಮಾಡು, ಸಂಗೀತ ಹವ್ಯಾಸಕ್ಕಿರಲಿ ಅಂತಾರೆ. ಗುರುಗಳು, ಕೋರ್ಸಿಗೆ ಹೋದರೆ ಇದ್ದ ಸಂಗೀತವೂ ಹೋಗುತ್ತದೆ, ಕೂತು ರಿಯಾಜ್ ಮಾಡು ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಒಂದು ಸಣ್ಣ ಆಡಿಯೊ ಕಂಪನಿಗೆ ಎರಡು ಭಕ್ತಿಗೀತೆಗಳಿಗೆ ಟ್ಯೂನ್ ಮಾಡಿಕೊಟ್ಟೆ. 4,000 ರೂಪಾಯಿ ಕೊಟ್ಟು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಅದರ ಮೇಲೆ ನನಗೆ ಇನ್ನು ಏನೂ ಹಕ್ಕಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ಕೋರ್ಸ್ ಒಳ್ಳೆಯದಾ ಕೆಟ್ಟದ್ದಾ ಎಂಬ ಪ್ರಶ್ನೆಗಿಂತ ದೊಡ್ಡದೊಂದು ಭಯ ಇದೆ. ಬಂಗಾರ ಅಡ ಇಟ್ಟು ಹೋಗಿ, ವರ್ಷ ಕಳೆದ ಮೇಲೆ ಅದೇ ಆರ್ಕೆಸ್ಟ್ರಾಕ್ಕೆ ವಾಪಸ್ ಬಂದರೆ ಮನೆಯವರಿಗೆ ಏನು ಮುಖ ತೋರಿಸಲಿ ಅಂತ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ. ನಾನು ಸ್ಟುಡಿಯೊದಲ್ಲಿ ಕೆಲಸ ಮಾಡುವವನು. ಇಂಥ ಡಿಪ್ಲೊಮಾ ತರಗತಿಗಳಿಗೆ ಪಾಠವನ್ನೂ ಮಾಡಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ‘ಪ್ಲೇಸ್‌ಮೆಂಟ್’ ನೋಡೋಣ. ಎಂಜಿನಿಯರಿಂಗ್ ಕಾಲೇಜಿಗೆ ಸಾಫ್ಟ್‌ವೇರ್ ಕಂಪನಿ ಬಂದು ಇಪ್ಪತ್ತು ಮಂದಿಯನ್ನು ಆರಿಸಿಕೊಂಡು ಹೋಗುತ್ತದಲ್ಲ, ಸಂಗೀತದಲ್ಲಿ ಅಂಥದ್ದು ನಡೆಯುವುದಿಲ್ಲ. ಅಷ್ಟು ಜನರಿಗೆ ತಿಂಗಳ ಸಂಬಳ ಕೊಡುವ ಸ್ಟುಡಿಯೊಗಳೇ ನಮ್ಮಲ್ಲಿಲ್ಲ. ಹೆಚ್ಚಿನ ಸ್ಟುಡಿಯೊಗಳು ಒಬ್ಬ ಮಾಲೀಕ, ಒಬ್ಬ ಎಂಜಿನಿಯರ್, ಒಬ್ಬ ಸಹಾಯಕ, ಇಷ್ಟರಲ್ಲೇ ನಡೆಯುತ್ತವೆ. ಹಾಗಾಗಿ ಪ್ಲೇಸ್‌ಮೆಂಟ್ ಅಂದರೆ ಬಹಳ ಸಲ ಮೂರು ತಿಂಗಳ ಇಂಟರ್ನ್‌ಶಿಪ್. ಸಂಬಳ ಇಲ್ಲ, ಇದ್ದರೂ ಬಸ್ಸಿನ ಖರ್ಚಿಗೆ ಆಗುವಷ್ಟು. ಅದು ಮೋಸ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಬಳಸಿಕೊಂಡವರಿಗೆ ಅಲ್ಲಿಂದಲೇ ದಾರಿ ಸಿಕ್ಕಿದೆ. ಆದರೆ ಅದನ್ನು ನಂಬಿ ಸಾಲ ತೀರಿಸುವ ಲೆಕ್ಕ ಹಾಕಬೇಡಿ.

ಎರಡನೆಯದು, ಸರ್ಟಿಫಿಕೇಟ್. ಈ ಕ್ಷೇತ್ರದಲ್ಲಿ ಸರ್ಟಿಫಿಕೇಟ್ ಕೇಳುವ ಬಾಗಿಲುಗಳಿವೆ, ಕೇಳದ ಬಾಗಿಲುಗಳೂ ಇವೆ. ನೀವು ಯಾವ ಬಾಗಿಲು ತಟ್ಟಬೇಕೆಂದಿದ್ದೀರಿ ಅನ್ನುವುದರ ಮೇಲೆ ಕೋರ್ಸ್ ಆರಿಸಬೇಕು. ಹೆಚ್ಚಿನ ಹುಡುಗರು ತಿರುಗಾಮುರುಗಾ ಮಾಡುತ್ತಾರೆ. ಕೋರ್ಸ್ ಮೊದಲು, ಬಾಗಿಲು ಆಮೇಲೆ.

ಸ್ಟುಡಿಯೊ, ಸಿನಿಮಾ, ಆರ್ಕೆಸ್ಟ್ರಾ, ಆಲ್ಬಂ, ಮದುವೆ ಕಾರ್ಯಕ್ರಮ, ಇಲ್ಲಿ ಯಾರೂ ಡಿಪ್ಲೊಮಾ ತೋರಿಸು ಅನ್ನುವುದಿಲ್ಲ. ಒಂದು ಸಲವೂ ಅಲ್ಲ. ಕೆಲಸ ತೋರಿಸು ಅನ್ನುತ್ತಾರೆ, ಅಥವಾ ಕರೆದು ಕೂರಿಸಿ ನುಡಿಸಿ ನೋಡುತ್ತಾರೆ. ಆಕಾಶವಾಣಿಯಲ್ಲೂ ಆಡಿಷನ್ನೇ ಲೆಕ್ಕ. ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಕೊಡುವುದು ನೀವು ಹಾಡಿದ್ದಕ್ಕೆ, ನುಡಿಸಿದ್ದಕ್ಕೆ.

ಸರ್ಟಿಫಿಕೇಟ್ ಕೇಳುವುದು ಮುಖ್ಯವಾಗಿ ಪಾಠ ಹೇಳುವ ನೌಕರಿಗಳಲ್ಲಿ. ಅಲ್ಲಿ ಯಾವುದೋ ಒಂದು ಸರ್ಟಿಫಿಕೇಟ್ ಇದ್ದರೆ ನಡೆಯುವುದಿಲ್ಲ, ಇಂಥದ್ದೇ ಬೇಕು ಅಂತ ಇರುತ್ತದೆ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಹಂತದ ಸಂಗೀತ ಶಿಕ್ಷಕರ ಹುದ್ದೆಗೆ ಪಿಯುಸಿ ಜೊತೆ ಸಂಗೀತದಲ್ಲಿ ಪದವಿ ಕೇಳುತ್ತಾ ಬಂದಿದ್ದಾರೆ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪರವಾಗಿ ಎನ್‌ಟಿಎ ನಡೆಸುವ ನೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯ. ಖಾಸಗಿ ಶಾಲೆಗಳಲ್ಲಿ ಸೀನಿಯರ್, ವಿದ್ವತ್ ಪಾಸಾದವರನ್ನು ತೆಗೆದುಕೊಳ್ಳುತ್ತಾರೆ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆಯನ್ನು ಕೆಲವು ಕಡೆ ಪದವಿಗೆ ಸಮ ಅಂತ ಒಪ್ಪುತ್ತಾರೆ, ಕೆಲವು ಕಡೆ ಇಲ್ಲ. ಅರ್ಜಿ ಹಾಕುವ ಮುಂಚೆ ಆ ಹುದ್ದೆಯ ಅಧಿಸೂಚನೆಯನ್ನು ಸಾಲು ಸಾಲಾಗಿ ಓದಬೇಕು, ಬೇರೆ ಉಪಾಯ ಇಲ್ಲ.

ಈಗ ನೋಡಿ, ನಿಮ್ಮ ಅಕಾಡೆಮಿಯ ಡಿಪ್ಲೊಮಾ ಎಲ್ಲಿ ನಿಲ್ಲುತ್ತದೆ? ಸ್ಟುಡಿಯೊದವರು ಅದನ್ನು ಕೇಳುವುದಿಲ್ಲ. ಸರ್ಕಾರಿ ನೌಕರಿಗೆ ಅದು ಸಾಲುವುದಿಲ್ಲ. ಹಾಗಾದರೆ ಅದರಿಂದ ಪ್ರಯೋಜನವೇ ಇಲ್ಲವಾ? ಇದೆ. ಆದರೆ ಪ್ರಯೋಜನ ಇರುವುದು ಆ ವರ್ಷ ನಿಮ್ಮ ಕೈ ಮತ್ತು ಕಿವಿ ಎಷ್ಟು ಪಳಗುತ್ತವೆ ಅನ್ನುವುದರಲ್ಲಿ, ನಿಮಗೆ ಯಾರ ಪರಿಚಯ ಆಗುತ್ತದೆ ಅನ್ನುವುದರಲ್ಲಿ. 3 ಲಕ್ಷ 80 ಸಾವಿರ ಕೊಡುವುದು ಅದಕ್ಕೆ. ಅಷ್ಟು ಸಿಗುತ್ತದಾ ಅಂತ ನೋಡಬೇಕು.

ಕೈ ಪಳಗುವುದು ಅಂದರೆ ಏನು ಅಂತ ಒಂದೆರಡು ಉದಾಹರಣೆ ಕೊಡುತ್ತೇನೆ. ಆರ್ಕೆಸ್ಟ್ರಾದಲ್ಲಿ ಗಾಯಕಿ ಒಂದೂವರೆ ಮನೆ ಶ್ರುತಿಗೆ ಹಾಡುತ್ತೇನೆ ಅಂದಾಗ, ಅಂದರೆ ನಿಮ್ಮ ಕಡೆ ಹೇಳುವ ಕಾಳಿ ಏಕ್, ನೀವು ಏನು ಮಾಡುತ್ತೀರಿ? ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಬೆರಳು ಮಾತ್ರ ಬಿಳಿ ಒಂದರಲ್ಲೇ ಇಟ್ಟು ನುಡಿಸುತ್ತೀರಿ, ಅಲ್ವಾ? ಎಲ್ಲರೂ ಹಾಗೇ ಮಾಡುತ್ತಾರೆ. ವೇದಿಕೆಯ ಮೇಲೆ ಅದರಿಂದ ಏನೂ ತೊಂದರೆ ಇಲ್ಲ. ಸ್ಟುಡಿಯೊದಲ್ಲಿ ನಿಜವಾದ ಪಿಯಾನೊ ಮುಂದೆ ಕೂರಿಸಿ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬರೆದ ಹಾಳೆ ಕೊಟ್ಟರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಹನ್ನೆರಡೂ ಶ್ರುತಿಯಲ್ಲಿ ಬಟನ್ ಇಲ್ಲದೆ ನುಡಿಸುವ ಅಭ್ಯಾಸ, ಬರೆದದ್ದನ್ನು ನೋಡಿ ನುಡಿಸುವ ಅಭ್ಯಾಸ, ಇವನ್ನು ಒಳ್ಳೆಯ ಕೋರ್ಸ್ ನಿಮ್ಮಿಂದ ಮಾಡಿಸುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಮಾಡಿಕೊಳ್ಳುವವರು ಕಡಿಮೆ.

ಇನ್ನೊಂದು. ಹಾಡನ್ನು 44.1 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿರುತ್ತೀರಿ, ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತಾರೆ ಅನ್ನುವ, ಸಿಡಿ ಕಾಲದಿಂದ ಬಂದ ಲೆಕ್ಕ ಅದು. ವಿಡಿಯೊ, ಸಿನಿಮಾ ಕೆಲಸ ನಡೆಯುವುದು 48ರಲ್ಲಿ. ನಿಮ್ಮ ಫೈಲನ್ನು ಪರಿವರ್ತಿಸದೆ ಹಾಗೇ 48ರ ಲೆಕ್ಕದಲ್ಲಿ ಓಡಿಸಿದರೆ ಹಾಡು ವೇಗವಾಗುತ್ತದೆ, ಶ್ರುತಿ ಸುಮಾರು ಮುಕ್ಕಾಲು ಮನೆ ಏರುತ್ತದೆ. ಡಬ್ಬಿಂಗಿಗೆ ಬಂದ ಗಾಯಕರು ಯಾಕೋ ಇವತ್ತು ಗಂಟಲು ಸರಿಯಿಲ್ಲ ಅಂತ ಒದ್ದಾಡುತ್ತಿರುತ್ತಾರೆ. ತಪ್ಪು ಗಂಟಲಿನದಲ್ಲ, ಫೈಲಿನದು. ಇಂಥದ್ದನ್ನು ಅರ್ಧ ನಿಮಿಷದಲ್ಲಿ ಹಿಡಿಯುವ ಸಹಾಯಕನನ್ನು ಯಾವ ಸ್ಟುಡಿಯೊದವರೂ ಬಿಟ್ಟುಕೊಡುವುದಿಲ್ಲ. ಅವನ ಬಳಿ ಡಿಪ್ಲೊಮಾ ಇದೆಯಾ ಅಂತ ಯಾರೂ ಕೇಳಲೂ ಹೋಗುವುದಿಲ್ಲ.

ಇನ್ನು ನಿಮ್ಮ ಗುರುಗಳ ಮಾತು. ಕೋರ್ಸಿಗೆ ಹೋದರೆ ಸಂಗೀತ ಹೋಗುತ್ತದೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅವರು ಏನನ್ನು ಕಂಡು ಹಾಗೆ ಹೇಳುತ್ತಿದ್ದಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಬೆಂಗಳೂರಿಗೆ ಹೋದ ಹುಡುಗ ದಿನಾ ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಸ್ಕ್ರೀನ್ ಮುಂದೆ ಹೊತ್ತು ಕಳೆಯುತ್ತಾನೆ. ಪೇಟಿ ಊರಲ್ಲೇ ಉಳಿಯುತ್ತದೆ. ಬಾಡಿಗೆ ರೂಮಿನಲ್ಲಿ ಬೆಳಗಿನ ಜಾವ ಹಾಡಿದರೆ ಪಕ್ಕದ ರೂಮಿನವರು ಬಾಗಿಲು ಬಡಿಯುತ್ತಾರೆ. ವರ್ಷ ಕಳೆಯುವ ಹೊತ್ತಿಗೆ ಸಾಫ್ಟ್‌ವೇರ್ ಬರುತ್ತದೆ, ಗಂಟಲು ಹೋಗಿರುತ್ತದೆ. ಇದು ಕೋರ್ಸಿನ ದೋಷ ಅಂತ ಹೇಳಲಾಗದು, ಆದರೆ ಆಗುವುದಂತೂ ನಿಜ.

ಗುರುಕುಲ ಅಂದರೆ ಬರೀ ಕಲೆ, ಕೋರ್ಸ್ ಅಂದರೆ ಬರೀ ಹೊಟ್ಟೆಪಾಡು ಅನ್ನುವ ಮಾತೂ ಸರಿಯಲ್ಲ. ನಿಮ್ಮ ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡಮಕ್ಕಳಿಗೆ ಕಲಿಸಿದ್ದು ಬದುಕಲು ಬೇಕಾದ ಸಂಗೀತವನ್ನೇ. ಹಿಂದೂಸ್ತಾನಿ, ಕರ್ನಾಟಕ ಎರಡೂ. ಹಾಡುವುದರ ಜೊತೆ ವಾದ್ಯ, ಕೀರ್ತನ, ಪುರಾಣ. ಆಶ್ರಮ ನಡೆಸಲು ನಾಟಕ ಕಂಪನಿಯನ್ನೂ ಕಟ್ಟಿದ್ದರು. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ತಬಲಾ, ಸಾರಂಗಿ, ವಯೊಲಿನ್ ನುಡಿಸುತ್ತಿದ್ದರು. ಅಲ್ಲಿ ಕಲಿತವರು ಶಾಲೆಯಲ್ಲಿ ಮಾಸ್ತರರಾದರು, ಕೀರ್ತನಕಾರರಾದರು, ಸಾಥ್ ಕೊಡುವ ಕಲಾವಿದರಾದರು. ವೃತ್ತಿ ಶಿಕ್ಷಣ ಅನ್ನುವ ಬೋರ್ಡ್ ಇರಲಿಲ್ಲ, ಅಷ್ಟೇ. ಒಂದೇ ವಿದ್ಯೆ ನಂಬಿ ಕೂರಬೇಡ, ನಾಲ್ಕು ಕೆಲಸ ಕೈಯಲ್ಲಿರಲಿ ಅನ್ನುವ ಲೆಕ್ಕ ಅಲ್ಲಿತ್ತು. ಇವತ್ತಿಗೂ ಸಂಗೀತದಲ್ಲಿ ಸಂಸಾರ ನಡೆಸುವವರ ಲೆಕ್ಕ ಅದೇ.

ಯಾಕೆಂದರೆ ಈ ಸಂಪಾದನೆ ಒಂದೇ ಕಡೆಯಿಂದ ಬರುವುದಿಲ್ಲ. ನಿಮಗೇ ಗೊತ್ತು, ಗಣೇಶನ ಹಬ್ಬದಿಂದ ಶುರುವಾಗಿ ದಸರಾ, ನವೆಂಬರಿನ ರಾಜ್ಯೋತ್ಸವ, ಆಮೇಲೆ ಜಾತ್ರೆ, ಮದುವೆ ಅಂತ ಡೇಟ್ ಸಿಗುತ್ತವೆ. ಆಷಾಢ ಬಂತೆಂದರೆ ಫೋನೇ ಬರುವುದಿಲ್ಲ. ಆ ತಿಂಗಳಲ್ಲಿ ಮನೆ ನಡೆಸುವುದು ಪಾಠದ ದುಡ್ಡು, ಟ್ರ್ಯಾಕ್ ಮಾಡಿದ ದುಡ್ಡು. ನನಗೆ ಪರಿಚಯ ಇರುವ ಒಳ್ಳೆಯ ಕೀಬೋರ್ಡ್ ವಾದಕರೊಬ್ಬರು ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ಮಧ್ಯಾಹ್ನ ಕರೋಕೆ ಟ್ರ್ಯಾಕ್ ಮಾಡುತ್ತಾರೆ, ಸೀಸನ್ನಿನಲ್ಲಿ ರಾತ್ರಿ ಕಾರ್ಯಕ್ರಮ. ಸಿನಿಮಾ ಸೆಷನ್ ಬಂದರೆ ಹಬ್ಬ, ಬರದಿದ್ದರೂ ಒಲೆ ಉರಿಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಣ್ಣ ಜಾಹೀರಾತಿನ ಜಿಂಗಲ್, ವಿಡಿಯೊಗೆ ಹಿನ್ನೆಲೆ ಸಂಗೀತ, ಇಂಥ ಅಗ್ಗದ ಕೆಲಸಗಳನ್ನು ಈಗ ಕೆಲವರು ಎಐನಲ್ಲೇ ಮುಗಿಸುತ್ತಿದ್ದಾರೆ. ಬರೀ ಲ್ಯಾಪ್‌ಟಾಪ್ ನಂಬಿ ಕೂತವನಿಗೆ ಅದು ಹೊಡೆತ. ಗಾಯಕನ ಪಕ್ಕ ಕೂತು ಅವನು ಎಲ್ಲಿ ಎಳೆದರೂ ಹಿಂದೆಯೇ ಹೋಗುವ ಪೇಟಿ ಮಾಸ್ತರನಿಗೆ ಸದ್ಯಕ್ಕೆ ಆ ಭಯ ಇಲ್ಲ. ನಿಮ್ಮ ನಿಜವಾದ ಬಂಡವಾಳ ಪೇಟಿ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ.

ಹಾಗಾದರೆ ಏನು ಮಾಡಬಹುದು?

ಅಕಾಡೆಮಿಗೇ ಹೋಗುವುದಾದರೆ, ದುಡ್ಡು ಕಟ್ಟುವ ಮುಂಚೆ ಒಂದು ದಿನ ಅಲ್ಲಿ ಹೋಗಿ ಕೂತುಕೊಳ್ಳಿ. ಕೌನ್ಸೆಲರ್ ಜೊತೆ ಬೇಡ, ಈಗ ಓದುತ್ತಿರುವ ಹುಡುಗರ ಜೊತೆ ಮಾತಾಡಿ. ವಾರಕ್ಕೆ ಎಷ್ಟು ಗಂಟೆ ನೀವೇ ಕನ್ಸೋಲ್ (ಸ್ಟುಡಿಯೊದ ದೊಡ್ಡ ಮಿಕ್ಸರ್) ಮುಟ್ಟುತ್ತೀರಿ ಅಂತ ಕೇಳಿ. ಹದಿನೈದು ಜನ ನಿಂತು ಒಬ್ಬರ ಕೈ ನೋಡುವುದಾದರೆ ಅದನ್ನು ಯೂಟ್ಯೂಬಿನಲ್ಲೇ ನೋಡಬಹುದು. ಲೈವ್ ವಾದ್ಯ ರೆಕಾರ್ಡ್ ಮಾಡಿಸುತ್ತಾರಾ? ತಬಲಾಕ್ಕೆ ಮೈಕ್ ಎಲ್ಲಿಡಬೇಕು ಅಂತ ಕಲಿಸುತ್ತಾರಾ, ಇಲ್ಲಾ ಪೂರ್ತಿ ಸಾಫ್ಟ್‌ವೇರ್ ಲೂಪ್ ಮೇಲೇ ನಡೆಯುತ್ತದಾ? ಹೋದ ವರ್ಷ ಮುಗಿಸಿದ ಮೂರು ಜನರ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ, ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ, ಇವೆರಡನ್ನು ಬರಹದಲ್ಲಿ ತೆಗೆದುಕೊಳ್ಳಿ. ಶನಿವಾರದೊಳಗೆ ಅನ್ನುವುದು ಮಾರಾಟದ ಹಳೇ ಪಟ್ಟು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಎಂಐ ವಿಷಯದಲ್ಲಿ ಮಾತ್ರ ಹುಷಾರು. ಬ್ಯಾಂಕಿನ ಶಿಕ್ಷಣ ಸಾಲ ಸಾಮಾನ್ಯವಾಗಿ ಮಾನ್ಯತೆ ಇರುವ ಕೋರ್ಸಿಗೆ ಸಿಗುತ್ತದೆ. ಅದು ಸಿಗದ ಕಡೆ ಅಕಾಡೆಮಿಗಳು ಫೈನಾನ್ಸ್ ಕಂಪನಿಯನ್ನು ಮಧ್ಯೆ ತರುತ್ತವೆ. ಆಗ ಸಾಲ ನಿಮಗೂ ಆ ಕಂಪನಿಗೂ. ನೀವು ಅರ್ಧಕ್ಕೆ ಕೋರ್ಸ್ ಬಿಟ್ಟರೂ, ಅಕಾಡೆಮಿಯೇ ಬಾಗಿಲು ಹಾಕಿದರೂ, ಕಂತು ಕೇಳಿಕೊಂಡು ಫೋನ್ ಬರುವುದು ನಿಮಗೇ.

ಎರಡನೇ ದಾರಿ, ಸಂಗೀತದಲ್ಲೇ ಪದವಿ. ನಿಮಗೆ ಧಾರವಾಡ ದೂರವಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಓದು ದಶಕಗಳಿಂದ ಇದೆ, ಗಂಗೂಬಾಯಿ ಹಾನಗಲ್ ಅವರಂಥವರು ಪಾಠ ಮಾಡಿದ ಜಾಗ. ಮೈಸೂರಿನಲ್ಲಿ ಅವರದೇ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಅಕಾಡೆಮಿಯ ಫೀಸಿಗೂ ಇಲ್ಲಿಯ ಫೀಸಿಗೂ ಹೋಲಿಕೆಯೇ ಇಲ್ಲ. ಪದವಿ ಕೈಗೆ ಬಂದರೆ ಮೇಲೆ ಹೇಳಿದ ಶಿಕ್ಷಕರ ಹುದ್ದೆಗಳ ಬಾಗಿಲೂ ತೆರೆದಿರುತ್ತದೆ. ಬೇರೆ ಪದವೀಧರರು ಬರೆಯುವ ಪರೀಕ್ಷೆಗಳನ್ನೂ ಬರೆಯಬಹುದು, ಇದನ್ನು ಅಪ್ಪನಿಗೆ ಹೇಳಿ. ಇದರ ಅಪಾಯವೂ ಇದೆ. ಇಲ್ಲಿ ಸ್ಟುಡಿಯೊ ಕೆಲಸ, ಸೌಂಡ್, ಟ್ರ್ಯಾಕ್ ಮಾಡುವುದು ಇವನ್ನೆಲ್ಲ ಹೆಚ್ಚಾಗಿ ನೀವೇ ಹೊರಗೆ ಕಲಿಯಬೇಕು. ಮೂರು ವರ್ಷ ಬರೀ ಹಾಜರಿ ಹಾಕಿಕೊಂಡು, ಪರೀಕ್ಷೆಗೆ ನಾಲ್ಕು ರಾಗ ಬಾಯಿಪಾಠ ಮಾಡಿ ಹೊರಬಂದವರೂ ಇದ್ದಾರೆ. ಹುದ್ದೆಗಳೂ ಕರೆದಾಗ ಕರೆದರು, ಇಲ್ಲದಿದ್ದರೆ ಇಲ್ಲ.

ಇವೆರಡರ ನಡುವೆ ಬಿ.ವೋಕ್ ಅಂತ ವೃತ್ತಿ ಕಲಿಸುವ ಪದವಿ ಇದೆ. 2014ರಲ್ಲಿ ಯುಜಿಸಿ ಶುರು ಮಾಡಿದ್ದು. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಸಂಗೀತ, ಸೌಂಡ್ ವಿಷಯದಲ್ಲಿ ಒಳ್ಳೆಯ ಬಿ.ವೋಕ್ ಸಿಕ್ಕರೆ ನಿಮ್ಮಂಥವರಿಗೆ ಸರಿಹೊಂದುತ್ತದೆ. ಎಲ್ಲಾ ಕಡೆ ಇಲ್ಲ, ಇರುವ ಕಡೆಯೂ ಸ್ಟುಡಿಯೊ ಇದೆಯಾ ಅಂತ ಕಣ್ಣಾರೆ ನೋಡಬೇಕು.

ಅಪ್ಪ ಹೇಳಿದ ಬಿ.ಕಾಂ. ದಾರಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಬಹಳ ಕಲಾವಿದರಿಗೆ ಲೆಕ್ಕ ಬರುವುದಿಲ್ಲ, ಪೇಮೆಂಟ್ ವಿಷಯದಲ್ಲಿ ಪದೇ ಪದೇ ಏಟು ತಿನ್ನುತ್ತಾರೆ. ಆದರೆ ಹವ್ಯಾಸಕ್ಕಿರಲಿ ಅಂತ ಬಿಟ್ಟ ಸಂಗೀತ ಹವ್ಯಾಸವಾಗಿಯೇ ಉಳಿಯುತ್ತದೆ. ಕಲಿಯಲು ನಿಜವಾಗಿ ಹೊತ್ತು ಸಿಗುವುದು 18ರಿಂದ 22ರ ತನಕ.

ನನ್ನ ಅಭಿಪ್ರಾಯ ಕೇಳಿದರೆ ಈ ವರ್ಷ ಬಂಗಾರ ಮುಟ್ಟಬೇಡಿ. ಧಾರವಾಡದಲ್ಲಿ ಸಂಗೀತದ ಪದವಿಗೆ ಸೇರಿ, ಸಾಧ್ಯವಾದರೆ ಹಾರ್ಮೋನಿಯಂ ಗಟ್ಟಿಯಾಗಿ ಕಲಿಸುವವರನ್ನು ಹುಡುಕಿಕೊಳ್ಳಿ. ಒಳ್ಳೆಯ ಪೇಟಿ ಸಾಥಿಗಾರರು ಎಲ್ಲಾ ಕಡೆ ಬೇಕಾಗಿದ್ದಾರೆ, ಸಿಗುತ್ತಿಲ್ಲ. ಸೀನಿಯರ್ ಪರೀಕ್ಷೆಯನ್ನೂ ಕಟ್ಟಿ. ಶನಿವಾರ ಭಾನುವಾರ ಹುಬ್ಬಳ್ಳಿಯ ಯಾರಾದರೂ ಸೌಂಡ್ ಸಿಸ್ಟಂ ಮಾಲೀಕರ ಜೊತೆ ಹೋಗಿ. ಕೇಬಲ್ ಸುತ್ತುವುದರಿಂದ ಶುರು ಮಾಡಿ. ನೆನಪಿರಲಿ, ಕೇಬಲ್ ಮೊಳಕೈಗೆ ಸುತ್ತುವ ಹುಡುಗನಿಗೆ ಎರಡನೇ ಸಲ ಮಿಕ್ಸರ್ ಹತ್ತಿರ ಬಿಡುವುದಿಲ್ಲ, ಒಳಗೆ ತಂತಿ ತಿರುಚಿಕೊಂಡು ಹಾಳಾಗುತ್ತದೆ. ಸ್ಪೀಕರಿನಲ್ಲಿ ಕೀರಲು ಸದ್ದು (ಹೌಲಿಂಗ್) ಬಂದಾಗ ಯಾವ ಮೈಕಿನಿಂದ ಬಂತು ಅಂತ ಕಿವಿಯಲ್ಲೇ ಹಿಡಿಯಲು ಕಲಿಯುವುದು ಅಲ್ಲೇ. ಎರಡು ಸೀಸನ್ ಹೀಗೆ ಕಳೆದ ಮೇಲೂ ಮಿಕ್ಸಿಂಗ್ ಕಡೆಗೇ ಮನಸ್ಸು ಎಳೆದರೆ ಆಗ ಮೂರೋ ಆರೋ ತಿಂಗಳ ಸಣ್ಣ ಕೋರ್ಸಿಗೆ ನಿಮ್ಮ ದುಡ್ಡಿನಲ್ಲೇ ಹೋಗಬಹುದು. ಆಗ ಏನು ಕೇಳಬೇಕು ಅಂತ ಗೊತ್ತಿರುತ್ತದೆ, ಮೇಷ್ಟರಿಂದ ಜಾಸ್ತಿ ಕಿತ್ತುಕೊಳ್ಳುತ್ತೀರಿ.

ಮನೆಯಲ್ಲಿ ಸಾಲವಿಲ್ಲದೆ ಅಷ್ಟು ದುಡ್ಡು ಇದ್ದು, ಆ ಅಕಾಡೆಮಿಯಲ್ಲಿ ನಿಮಗೆ ವಾರಕ್ಕೆ ಏಳೆಂಟು ಗಂಟೆ ಒಬ್ಬರೇ ಕೂರಲು ಸ್ಟುಡಿಯೊ ಸಿಗುತ್ತದೆ ಅಂತ ಆದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಗುರುಗಳ ಬಳಿಯೇ ಕಲಿಯುವುದಕ್ಕೆ ಒಂದು ನೆರವೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಗುರುಗಳ ಬಳಿ ಕಲಿಯಲು ಎರಡು ವರ್ಷ ವಿದ್ಯಾರ್ಥಿವೇತನ ಕೊಡುವ ಯೋಜನೆ ಇಟ್ಟುಕೊಂಡಿದೆ. ಶಾಸ್ತ್ರೀಯ ಸಂಗೀತಕ್ಕೆ ಅದು ಅನ್ವಯಿಸುತ್ತದೆ. ಗುರುಗಳ ಹತ್ತಿರ ಮಾತಾಡಿ, ಅರ್ಜಿ ಕರೆದಾಗ ಹಾಕಿ.

ಕೊನೆಗೆ ಆ ಭಕ್ತಿಗೀತೆಗಳ ಕಾಗದ. 4,000 ಕೊಟ್ಟರು, ಮುಗಿಯಿತು ಅಂತ ನಿಮಗೆ ಹೇಳಿರಬಹುದು. ಕಾನೂನು ಅಷ್ಟಕ್ಕೇ ಮುಗಿಸುವುದಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಹಾಡು ಬರೆದವರು, ಟ್ಯೂನ್ ಹಾಕಿದವರು ರಾಯಲ್ಟಿಯಲ್ಲಿ ತಮಗೆ ಬರಬೇಕಾದ ಪಾಲನ್ನು ಆಡಿಯೊ ಕಂಪನಿಗೆ ಬಿಟ್ಟುಕೊಡುತ್ತೇನೆ ಅಂತ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ವಾರಸುದಾರರಿಗೆ, ಇಲ್ಲವೇ ರಾಯಲ್ಟಿ ವಸೂಲು ಮಾಡುವ ಕಾಪಿರೈಟ್ ಸೊಸೈಟಿಗೆ ಮಾತ್ರ ಅದನ್ನು ಕೊಡಬಹುದು. ಹಕ್ಕು ವರ್ಗಾಯಿಸಿದ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದರೆ 5 ವರ್ಷ ಅಂತಲೇ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲ ಅಂದರೆ ಭಾರತಕ್ಕೆ ಮಾತ್ರ. ಸಂಗೀತ ಸಂಯೋಜಕರು, ಗೀತರಚನೆಕಾರರ ಪರವಾಗಿ ರಾಯಲ್ಟಿ ವಸೂಲು ಮಾಡುವ ಸಂಸ್ಥೆ ಐಪಿಆರ್‌ಎಸ್. ಟ್ಯೂನ್ ಹೊರಗೆ ಬಂದಿದ್ದರೆ ಸದಸ್ಯರಾಗಲು ಅರ್ಜಿ ಹಾಕಬಹುದು. ಎರಡು ಹಾಡಿನಿಂದ ದೊಡ್ಡ ಮೊತ್ತ ಬರುತ್ತದೆ ಅಂತ ಅಂದುಕೊಳ್ಳಬೇಡಿ, ಆದರೆ ಮುಂದೆ ಮಾಡುವ ಹಾಡುಗಳಿಗೆ ದಾರಿ ಈಗಲೇ ಸರಿಯಾಗಿರಲಿ. ಸಹಿ ಮಾಡಿದ ಕಾಗದದ ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ಈ ವಾರವೇ ಕಂಪನಿಯವರಿಂದ ಕೇಳಿ ಪಡೆಯಿರಿ, ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೂ ಸಾಕು.